ಒಂದೇ ಬಾವುಟದ ಭಾರತದ ಮೂರು ಪಡೆಗಳಿಗೆ ಒಬ್ಬ ಕಮಾಂಡರ್ ಸಿಗಲು ಇಷ್ಟು ತಡ ಯಾಕೆ?

ನಾನಿರುವ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 2013ರವರೆಗೆ ನ್ಯಾಟೋ ಅನ್ನುವ ಅಮೆರಿಕ, ಯೂರೋಪ್ ದೇಶಗಳ ಸೇನಾ ಕೂಟದ ಭೂಸೇನೆಯ ಒಂದು ಕೇಂದ್ರ ಕಚೇರಿ ಇತ್ತು. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಇನ್ನೊಂದು. ಎರಡನ್ನೂ ಮುಚ್ಚಿ, ಟರ್ಕಿಯ ಇಜ್ಮಿರ್‌ನಲ್ಲಿ 2012ರ ನವೆಂಬರ್ 30ರಂದು ಶುರುವಾದ ಲ್ಯಾಂಡ್‌ಕಾಮ್ ಅನ್ನುವ ಒಂದೇ ಕಮಾಂಡ್‌ಗೆ ಆ ಕೆಲಸ ವಹಿಸಿದರು.

ನ್ಯಾಟೋಗೆ ದೊಡ್ಡ ಸ್ವಂತ ಸೈನ್ಯ ಇದೆ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಸೈನಿಕರು ಆಯಾ ದೇಶದವರು, ಸಂಬಳ ಕೊಡುವುದೂ ಆಯಾ ದೇಶವೇ. ಬೇಕಾದಾಗ ಅವರನ್ನು ಒಬ್ಬ ಕಮಾಂಡರ್ ಕೈಗೆ ಒಪ್ಪಿಸುತ್ತಾರೆ ಅಷ್ಟೆ. ಹಾಗೆ ಒಪ್ಪಿಸುವ ದಿನ ಗಲಿಬಿಲಿ ಆಗಬಾರದಲ್ಲ, ಅದಕ್ಕೇ ಇಜ್ಮಿರ್‌ನವರು ಬೇರೆ ಬೇರೆ ದೇಶಗಳ ಸೇನಾ ಕೇಂದ್ರಗಳಿಗೆ ಹೋಗಿ, ಯುದ್ಧಕ್ಕೆ ತಯಾರಿವೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಇಂಧನ ಯಾವುದು, ಗುಂಡಿನ ಅಳತೆ ಎಷ್ಟು, ರೇಡಿಯೋದಲ್ಲಿ ಹೇಗೆ ಮಾತಾಡಬೇಕು ಅನ್ನುವುದಕ್ಕೆಲ್ಲ ಮೊದಲೇ ಲಿಖಿತ ಒಪ್ಪಂದಗಳಿವೆ. ಎಲ್ಲವೂ ಸರಿಯಾಗಿದೆ ಅಂತಲ್ಲ. ಪೋಲೆಂಡ್‌ನ ರೈಲು ಹಳಿ 1,435 ಮಿ.ಮೀ. ಅಗಲ, ಬಾಲ್ಟಿಕ್ ದೇಶಗಳ ಹಳೆಯ ಹಳಿ 1,520 ಮಿ.ಮೀ. ಟ್ಯಾಂಕ್ ಹೊತ್ತ ರೈಲು ಅದರ ಮೇಲೆ ಹಾಗೇ ಮುಂದಕ್ಕೆ ಹೋಗಲ್ಲ.

ನನಗೆ ಜಾಸ್ತಿ ಮೆಚ್ಚುಗೆಯಾಗುವುದು ಇವರ ಜಗಳದ ರೀತಿ. ಗ್ರೀಸ್, ಟರ್ಕಿ ಎರಡೂ 1952ರಲ್ಲಿ ನ್ಯಾಟೋ ಸೇರಿದವು. 1974ರಲ್ಲಿ ಸೈಪ್ರಸ್ ದ್ವೀಪದ ವಿಷಯಕ್ಕೆ ಟರ್ಕಿ ಜೊತೆ ಜಗಳವಾಗಿ ಗ್ರೀಸ್ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಹೊರನಡೆಯಿತು, 1980ರಲ್ಲಿ ವಾಪಸ್ ಬಂತು. 2019ರಲ್ಲಿ ಟರ್ಕಿ ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ತರಿಸಿಕೊಂಡಾಗ ಅಮೆರಿಕ ಆ ದೇಶವನ್ನು ಎಫ್-35 ಯುದ್ಧವಿಮಾನದ ಯೋಜನೆಯಿಂದ ಹೊರಗಿಟ್ಟಿತು. ಇಷ್ಟಾದರೂ ಭೂಸೇನೆಯ ಕಮಾಂಡ್ ಇಜ್ಮಿರ್‌ನಲ್ಲೇ ಉಳಿಯಿತು, ಅಮೆರಿಕದ ಜನರಲ್ ಅಲ್ಲೇ ಕೆಲಸ ಮಾಡಿದರು.

ಈಗ ನಮ್ಮನ್ನು ನೋಡಿ. ಒಂದೇ ಬಾವುಟ, ಒಂದೇ ಖಜಾನೆ. ಆದರೆ ಭೂಸೇನೆಗೆ 7, ವಾಯುಪಡೆಗೆ 7, ನೌಕಾಪಡೆಗೆ 3 ಕಮಾಂಡ್. ಮೂರೂ ಪಡೆಗಳು ಒಬ್ಬರ ಕೈಕೆಳಗೆ ಬಂದ ಅಂಡಮಾನ್ ನಿಕೋಬಾರ್ ಕಮಾಂಡ್ 2001ರದ್ದು. 2020ರಲ್ಲಿ ಮೂರೂ ಪಡೆಗಳ ನಡುವೆ ಹೊಂದಾಣಿಕೆ ತರಲು ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರು (ಸಿಡಿಎಸ್) ಬಂದರು, 2023ರಲ್ಲಿ ಜಂಟಿ ಕಮಾಂಡರ್ ಕೈಗೆ ಮೂರೂ ಪಡೆಯವರ ಮೇಲೆ ಶಿಸ್ತಿನ ಅಧಿಕಾರ ಕೊಡುವ ಕಾನೂನೂ ಬಂತು, ಒಂದೊಂದು ಗಡಿಯ ಮೂರೂ ಪಡೆಗಳನ್ನು ಒಬ್ಬರ ಕೈಗೆ ಕೊಡುವ ಥಿಯೇಟರ್ ಕಮಾಂಡ್ ಮಾತ್ರ ವರ್ಷಗಟ್ಟಲೆ ಎಳೆಯುತ್ತಲೇ ಇದೆ. ಇರುವ ಸ್ವಲ್ಪ ವಿಮಾನಗಳನ್ನು ಹಂಚಿಬಿಟ್ಟರೆ ಹೇಗೆ ಅನ್ನುವುದು ವಾಯುಪಡೆಯ ಆತಂಕ. ಅದು ನಿಜವಾದ ಆತಂಕವೇ. ಆದರೆ ಹಂಚಿಬಿಡಲೇಬೇಕು ಅಂತೇನಿಲ್ಲ, ಬೇಕಾದಾಗ ಒಪ್ಪಿಸಿ ಆಮೇಲೆ ವಾಪಸ್ ತೆಗೆದುಕೊಳ್ಳಬಹುದು ಅಂತ ನ್ಯಾಟೋದವರು ಮಾಡಿ ತೋರಿಸಿದ್ದಾರಲ್ವಾ?

ನಾವು ನ್ಯಾಟೋ ಥರದ ಕೂಟ ಸೇರಬೇಕು ಅಂತ ನಾನು ಹೇಳುತ್ತಿಲ್ಲ. 1951ರಲ್ಲಿ ಐಸೆನ್‌ಹೋವರ್ ಬಂದಾಗಿನಿಂದ ಯೂರೋಪಿನ ಸರ್ವೋಚ್ಚ ಕಮಾಂಡರ್ ಅಮೆರಿಕದವರೇ. ಆ ಪದ್ಧತಿ ನಮಗೆ ಬೇಡ. ಬೇರೆಬೇರೆಯವರನ್ನು ಒಟ್ಟಿಗೆ ನಡೆಸುವುದು ನಮಗೆ ಹೊಸದೂ ಅಲ್ಲ. ಕೊಡಗಿನ ಜನರಲ್ ತಿಮ್ಮಯ್ಯ 1964ರಲ್ಲಿ ಇದೇ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತರು. ಬ್ರಿಟನ್, ಕೆನಡಾ, ಡೆನ್ಮಾರ್ಕ್‌ನಂಥ ನ್ಯಾಟೋ ದೇಶಗಳ ಸೈನಿಕರೂ ಸ್ವೀಡನ್, ಫಿನ್‌ಲ್ಯಾಂಡ್, ಐರ್ಲೆಂಡ್‌ನವರೂ ಅವರ ಆಜ್ಞೆಯಲ್ಲಿದ್ದರು. 1965ರ ಡಿಸೆಂಬರ್‌ನಲ್ಲಿ ಅದೇ ಹುದ್ದೆಯಲ್ಲಿದ್ದಾಗ ತೀರಿಕೊಂಡರು.

ಎಲ್ಲ ಗಡಿಗೂ ಒಟ್ಟಿಗೇ ಮಾಡಬೇಕು ಅಂತ ಕಾಯುವುದು ಸುಮ್ನೆ ಕಾಲ ಕಳೆದಂತೆ. ಒಂದು ಗಡಿಯಲ್ಲಿ ಶುರು ಮಾಡಲಿ, ವಿಮಾನ ಯಾವಾಗ ಯಾರ ಕೈಗೆ ಅನ್ನುವುದನ್ನು ಮೂರೂ ಪಡೆಯವರು ಕೂತು ಬರೆದು ಸಹಿ ಹಾಕಲಿ.