ಬಿಸಿ ಸೂಜಿ ಬೇಡ, ಭೂತಗನ್ನಡಿ ಸಾಕು

ಹಳೇ ಜೇಬುಚಾಕುವಿನ ಹಿಡಿ ಮೂಳೆಯದ್ದೋ ಪ್ಲಾಸ್ಟಿಕ್ಕಿನದ್ದೋ ತಿಳಿಯಲು ಕಾದ ಸೂಜಿ ಚುಚ್ಚಿ ನೋಡಿ ಅಂತ ಲೇಖನದಲ್ಲಿ ಹೇಳಿದ್ದೀರಿ. ದಯವಿಟ್ಟು ಅದೊಂದು ಸಾಲನ್ನು ತೆಗೆದುಬಿಡಿ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನದಾಗಿದ್ದರೆ ಭಗ್ ಅಂತ ಹೊತ್ತಿಕೊಳ್ಳಬಹುದು. ಮೂಳೆಯೇ ಆಗಿದ್ದರೂ ಸುಮ್ನೆ ಒಂದು ಸುಟ್ಟ ಕಲೆ ಉಳಿಯುತ್ತದೆ, ಅಲ್ವಾ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಹಿಡಿಯ ಅಂಚಿನಲ್ಲಿ, ನುಣ್ಣಗೆ ಸವೆದ ಕಡೆ ನೋಡಿ. ಮೂಳೆಯಲ್ಲಿ ರಕ್ತನಾಳ ಹಾದುಹೋದ ಸಣ್ಣ ಸಣ್ಣ ತೂತುಗಳಿರುತ್ತವೆ. ಉದ್ದಕ್ಕೆ ಕೊಯ್ದ ಕಡೆ ಅವೇ ಕಪ್ಪು ಗೀರುಗಳಂತೆ ಕಾಣುತ್ತವೆ. 1960ರ ನಂತರ ಬಂದ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿಗಳಲ್ಲಿ ಇವು ಇರುವುದಿಲ್ಲ. ಸೆಲ್ಯುಲಾಯ್ಡನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ.

ದುರಸ್ತಿಯಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡಬೇಡಿ. ಕೊಳೆ ಬಿಡಲಿ ಅಂತ ಮೂಳೆ ಹಿಡಿಯ ಒಂದು ಚಾಕುವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟಿದ್ದೆ. ಒಣಗುವಾಗ ಹಿಡಿ, ಅದನ್ನು ಬಿಗಿದಿಟ್ಟ ಪಿನ್ನಿನ ಪಕ್ಕದಿಂದ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ತುಂಬಾ ಬೇಜಾರಾಯ್ತು. ಈಗ ಹಿಂಡಿದ ಒದ್ದೆ ಬಟ್ಟೆ, ಮೆತ್ತನೆ ಬ್ರಷ್, ಕೊನೆಗೆ ಒಂದೆರಡು ಹನಿ ಮಿನರಲ್ ಆಯಿಲ್, ಅಷ್ಟೇ. ಸ್ಯಾಂಡ್‌ಪೇಪರ್ ಹಿಡಿಯಲೇಬೇಕಾದರೆ ಮಾಸ್ಕ್ ಹಾಕಿಕೊಳ್ಳಿ. ಮೂಳೆಯ ಪುಡಿ ಉಸಿರಿನೊಳಗೆ ಹೋಗಬಾರದು.