ಅಲ್ಲ ಅಂದ್ರ ಅಲ್ಲ

ಸೀನಿದ್ದು ಒಂದೇ ಸಲ. ಪಕ್ಕದ ಮನೆಯವರು ವರ್ಷದ ಮಸಾಲಿ ಖಾರಕ್ಕೆಂದು ಮೆಣಸಿನಕಾಯಿ ಹುರಿಯುತ್ತಿದ್ದರು. ಅದರ ಘಾಟು ಕಾಂಪೌಂಡ್ ಹಾರಿ ಬಂದು ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿತ್ತು. ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿ ಎರಡು ಸಲ ಸೀನಿತು. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ನಾನು ಸೀನಿದ ಕೂಡಲೇ ನಮ್ಮ ಮನೆಯವರು ಮೊಬೈಲಿನಿಂದ ತಲೆ ಎತ್ತಿದರು.

“ನಿನ್ನ ಇಮ್ಯುನಿಟಿ ಕಮ್ಮಿ ಆಗ್ಯಾದ.”

“ಮೆಣಸಿನಕಾಯಿ ಘಾಟ್ರೀ ಅದು.”

“ಹಂಗಾದ್ರ ನನಗ್ಯಾಕ ಹತ್ತಲಿಲ್ಲ?”

ಅವರಿಗೆ ಹೇಗೆ ಹತ್ತೀತು? ದಿನಾ ನಸುಕಿನಲ್ಲಿ ನಮ್ಮ ಕಲಬುರಗಿಯ ಅಪ್ಪನ ಕೆರೆ ಸುತ್ತಲು ಹೋಗುತ್ತಾರೆ. ರಿಟೈರ್ ಆದ ಆರು ಮಂದಿಯ ಗುಂಪು. ಎರಡು ಸುತ್ತು ನಡಿಗೆ, ಆಮೇಲೆ ಒಂದು ತಾಸು ಕಟ್ಟೆಯ ಮೇಲೆ ವೈದ್ಯಶಾಸ್ತ್ರ. ಆರರಲ್ಲಿ ಒಬ್ಬರೂ ಡಾಕ್ಟರಲ್ಲ. ಒಬ್ಬರ ಮನೆ ಮಾತ್ರ ಔಷಧಿ ಅಂಗಡಿಯ ಎದುರಿಗಿದೆ, ಅವರ ಮಾತಿಗೆ ತೂಕ ಜಾಸ್ತಿ.

ಸಂಜೆಯೊಳಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿತು. ನಿಸರ್ಗದತ್ತವಾಗಿ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವ ಹದಿನಾಲ್ಕು ದಾರಿಗಳು. ನಿಮ್ಮ ಮೊಬೈಲಿಗೂ ಅದು ಬಂದೇ ಇರುತ್ತದೆ, ಇಲ್ಲಿ ಬರೆದು ಹೊತ್ತು ಕಳೆಯುವುದಿಲ್ಲ. ನಾನು ಗಮನಿಸಿದ್ದು ಕ್ರಿಯಾಪದಗಳನ್ನು. ಹನ್ನೊಂದು ಸಾಲುಗಳಲ್ಲಿ ಜಜ್ಜಿ, ಅರೆದು, ಕುದಿಸಿ, ಸೋಸಿ. ಉಳಿದ ಮೂರರಲ್ಲಿ ಕುಡಿಯಿರಿ. ಜಜ್ಜುವವರು ಯಾರು, ಕುಡಿಯುವವರು ಯಾರು ಎಂದು ಹಾಳೆ ಹೇಳಿರಲಿಲ್ಲ. ಹೇಳುವ ಗರಜು ಯಾರಿಗೂ ಕಂಡಿರಲಿಕ್ಕಿಲ್ಲ.

ನಾಲ್ಕನೆಯ ದಾರಿ ಕಾಡಾ, ಅಂದರೆ ಕಷಾಯ. ಅಡುಗೆ ಮನೆಯಿಂದ ಅವರ ದನಿ ಬಂತು.

“ಅಲ್ಲ ಅದ ಏನು?”

“ಅಲ್ಲ ಇಲ್ಲ.”

“ಅಲ್ಲ, ನಿನ್ನೆ ಇತ್ತಲ್ಲ?”

“ಅಲ್ರೀ, ನಿನ್ನೇನೂ ಅಲ್ಲ ಇರಲಿಲ್ಲ.”

ತುಂಗಭದ್ರೆಯ ಆಚೆಯವರು ಯಾರಾದರೂ ಕೇಳಿಸಿಕೊಂಡಿದ್ದರೆ ಗಂಡ ಹೆಂಡತಿ ಅದ್ವೈತ ಚರ್ಚೆಗೆ ಇಳಿದಿದ್ದಾರೆ ಎಂದುಕೊಳ್ಳುತ್ತಿದ್ದರು. ಅದರಿಂದಲೇ ನನಗೆ ನಮ್ಮ ಮಂಡ್ಯದ ಟೀಚರ್ ನೆನಪಾದರು. ಅವರ ಕತೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಕಲಿಸುವ ಶಾಲೆಗೆ ಮಂಡ್ಯ ಕಡೆಯಿಂದ ಕನ್ನಡ ಟೀಚರೊಬ್ಬರು ಹೊಸದಾಗಿ ನೇಮಕವಾಗಿ ಬಂದರು. ಬಂದ ವಾರಕ್ಕೇ ಅವರ ಕೂಸಿಗೆ ನೆಗಡಿ ಹತ್ತಿತು. ಕಷಾಯ ಮಾಡಬೇಕೆಂದು ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯ ಕಾಯಿಪಲ್ಯೆ ಸಾಲಿಗೆ ಹೋಗಿದ್ದಾರೆ.

“ಹಸಿ ಶುಂಠಿ ಇದ್ಯಾಮ್ಮ?”

“ಶುಂಠಿ ಕಿರಾಣಿ ಅಂಗಡ್ಯಾಗ ಸಿಗ್ತದ್ರೀ ಅಕ್ಕೋರೆ. ನಮ್ಮ ಬಲ್ಲಿ ಇಲ್ಲ.”

ಕಣ್ಣೆದುರಿಗೇ ಗೋಣಿಚೀಲದ ಮೇಲೆ ಗುಡ್ಡೆ ಹಾಕಿದ್ದಾರೆ, ಮಣ್ಣು ಕೂಡ ಆರಿಲ್ಲ. ಟೀಚರ್ ಒಂದು ತುಂಡು ಎತ್ತಿ ಹಿಡಿದರು.

“ಇದು ಶುಂಠಿ ಅಲ್ವಾ?”

“ಅಲ್ಲರೀ.”

“ಅಲ್ವಾ?”

“ಹೌದ್ರೀ, ಅಲ್ಲ.”

“ಹೌದೋ, ಅಲ್ವೋ? ಸರಿಯಾಗಿ ಹೇಳಮ್ಮ.”

“ಹೌದು ಅಂದ್ನೆಲ್ರೀ ಅಕ್ಕೋರೆ, ಅಲ್ಲ ಅದು. ಪಾವ್ ಕಿಲೋ ಹಾಕಲೇನು?”

ಟೀಚರ್ ಮೂಸಿ ನೋಡಿದರು. ವಾಸನೆ ಶುಂಠಿಯದೇ. ಆದರೆ ಮಾರುವವಳೇ ಬಾಯಿಬಿಟ್ಟು ಅಲ್ಲ ಅನ್ನುವಾಗ ತೆಗೆದುಕೊಳ್ಳುವುದು ಹೇಗೆ? ಕೂಸಿಗೆ ಕೊಡುವ ಪದಾರ್ಥ ಬೇರೆ. ಮುಂದಿನ ಅಂಗಡಿಗೆ ಹೋದರು, ಅಲ್ಲೂ ಅಲ್ಲ. ಅದರ ಮುಂದಿನದರಲ್ಲೂ ಅಲ್ಲ. ನಾಲ್ಕನೆಯ ಮುದುಕ ಇವರು ಹಿಂದೆ ಮುಂದೆ ನೋಡುವುದನ್ನು ಕಂಡು ಒಂದು ತುಂಡು ಮುರಿದು ಕೈಗಿಟ್ಟು, “ತಿಂದು ನೋಡ್ರಿ ಯವ್ವಾ, ಖರೇವಂದ್ರ ಖರೇ ಅಲ್ಲ” ಎಂದನಂತೆ. ಬರಿಗೈಯಲ್ಲಿ ಮನೆಗೆ ಬಂದರು.

ಮರುದಿನ ಸ್ಟಾಫ್ ರೂಮಿನಲ್ಲಿ ಅವರು ಕಲಬುರಗಿಯ ಜನರನ್ನು ಹೊಗಳಿದ್ದೇ ಹೊಗಳಿದ್ದು. ಎಂಥ ಪ್ರಾಮಾಣಿಕರು! ಶುಂಠಿಯ ಹಾಗೇ ಇರುವ ಒಂದು ಗೆಡ್ಡೆ, ಸುಮ್ಮನೆ ಶುಂಠಿ ಅಂತ ಹೇಳಿ ಕಟ್ಟಿಕೊಟ್ಟಿದ್ದರೆ ನನಗೇನು ಗೊತ್ತಾಗುತ್ತಿತ್ತು? ಒಬ್ಬರಾದರೂ ಸುಳ್ಳು ಹೇಳಲಿಲ್ಲವಲ್ಲ! ನಮ್ಮೂರನ್ನು ಹೊರಗಿನವರು ಹೊಗಳುವುದೇ ಅಪರೂಪ. ಬಿಸಿಲು ಅನ್ನುತ್ತಾರೆ, ಧೂಳು ಅನ್ನುತ್ತಾರೆ, ಹಿಂದುಳಿದದ್ದು ಅನ್ನುತ್ತಾರೆ. ಹಾಗಾಗಿ ನಿಜ ಹೇಳಲು ನಮಗೆ ಮನಸ್ಸೇ ಬರಲಿಲ್ಲ. ಮೂರು ದಿನ ಆ ಕೀರ್ತಿಯನ್ನು ಅನುಭವಿಸಿ, ನಾಲ್ಕನೆಯ ದಿನ ಪಿ.ಟಿ. ಮಾಸ್ತರರು ನಗು ತಡೆಯಲಾರದೆ, ಹಸಿ ಶುಂಠಿಗೇ ನಾವು ಅಲ್ಲ ಅನ್ನುವುದು ಎಂದು ಹೇಳಿಬಿಟ್ಟರು.

ಟೀಚರ್ ಒಪ್ಪಲಿಲ್ಲ. ಹಸಿಯದಕ್ಕೆ ಒಂದು ಹೆಸರು, ಒಣಗಿದ್ದಕ್ಕೆ ಒಂದು ಹೆಸರು, ಇದೆಂಥ ಕನ್ನಡ ಎಂದರು. ಲೈಬ್ರರಿಯಿಂದ ನಿಘಂಟು ಬಂತು. ನೋಡಿದರೆ ಸರಿ ಇದ್ದವರು ನಾವೇ. ಸಂಸ್ಕೃತದಲ್ಲಿ ಶುಂಠಿ ಅಂದರೆ ಒಣಗಿದ್ದು; ಹಸಿಯದು ಆರ್ದ್ರಕ, ಹಿಂದಿಯವರ ಅದ್ರಕ್ ಅದರಿಂದಲೇ ಬಂದದ್ದು. ಆ ಲೆಕ್ಕದಲ್ಲಿ ಹಸಿ ಶುಂಠಿ ಅನ್ನುವುದು ಹಸಿ ಒಣದ್ರಾಕ್ಷಿ ಅಂದ ಹಾಗೆ. ತೆಲುಗಿನವರು ಅಲ್ಲಂ ಅನ್ನುತ್ತಾರೆ, ಮರಾಠಿಯವರು ಆಲೆ, ಇಬ್ಬರ ನಡುವೆ ಸಿಕ್ಕ ನಾವು ಅಲ್ಲ. ಆರು ವರ್ಷ ನಮ್ಮೊಡನೆ ಇದ್ದು, ಪುಂಡಿ ಪಲ್ಯೆ ಕಲಿತು, ರೊಟ್ಟಿ ಬಡಿಯುವುದನ್ನು ಕಲಿಯಲಾರದೆ, ಅವರು ತಮ್ಮೂರಿಗೆ ವರ್ಗ ಮಾಡಿಸಿಕೊಂಡು ಹೋದರು. ಹೋದ ತಿಂಗಳಿಗೇ ಫೋನು. “ಸಂತೇಲಿ ಕಾಲು ಕೆಜಿ ಅಲ್ಲ ಕೊಡಿ ಅಂದ್ಬಿಟ್ಟೆ ಕಣ್ರೀ. ಏನಲ್ಲ, ಯಾವ್ದಲ್ಲ ಅಂತ ಅವನು ಜಗಳಕ್ಕೇ ಬಂದ.”

ನಮ್ಮ ಮನೆಯಲ್ಲಿ ಇನ್ನೂ ಅಲ್ಲ ಇರಲಿಲ್ಲ.

ನಾನು ವಿಜ್ಞಾನ ಕಲಿಸುವವಳು. ಇಷ್ಟು ವರ್ಷ ಹೈಸ್ಕೂಲ್ ಮಕ್ಕಳಿಗೆ ಬಿಳಿ ರಕ್ತಕಣದ ಚಿತ್ರ ಬಿಡಿಸಿ ಕೈಗೆಲ್ಲ ಸುಣ್ಣ ಬಳಿದುಕೊಂಡಿದ್ದೇನೆ. ಸೀನೇ ಮೈಯ ಕಾವಲಿನ ಕೆಲಸ, ಮೂಗಿಗೆ ಹೊಕ್ಕ ಕಸವನ್ನು ಹೊರಗೆ ನೂಕುವುದು ಎಂದು ನಾನು ಹೇಳಿದರೆ ಮನೆಯಲ್ಲಿ ಕಿವಿಗೆ ಹಾಕಿಕೊಳ್ಳುವವರಿಲ್ಲ. ಕಟ್ಟೆಯ ಮೇಲಿನ ಆರು ಮಂದಿ ಹೇಳಿದರೆ ಹಾಳೆಯಾಗಿ ಫ್ರಿಜ್ಜಿಗೆ ಅಂಟುತ್ತದೆ. ಗೂರ್ಖಾ ರಾತ್ರಿ ಸೀಟಿ ಊದಿದ್ದಕ್ಕೆ, ಪಾಪ ನಿತ್ರಾಣ ಆಗ್ಯಾನ, ಟಾನಿಕ್ ಕೊಡ್ರಿ ಅನ್ನುವ ಪೈಕಿ ಇವರು.

ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಯಾರು ಹೇಳಿದರೋ. ಯಾದಗಿರಿಯಲ್ಲಿರುವ ನನ್ನ ತಂಗಿಗೆ ಸಂಧಿವಾತ. ಕಾವಲು ಕಾಯಬೇಕಾದ ಪಡೆಯೇ ತಿರುಗಿಬಿದ್ದು ಅವಳ ಬೆರಳ ಗಂಟುಗಳನ್ನು ತಿನ್ನುತ್ತಿದೆ. ಆ ಪಡೆಯನ್ನು ತಗ್ಗಿಸಲು ಡಾಕ್ಟರು ವಾರಕ್ಕೊಂದು ದಿನ ಗುಳಿಗೆ ಕೊಡುತ್ತಾರೆ. ಅವಳನ್ನು ನೋಡಲು ಬಂದವರು ಒಂದು ಬಾಟಲಿ ನೆಲ್ಲಿಕಾಯಿ ರಸ ಇಟ್ಟು, “ಇಮ್ಯುನಿಟಿ ಹೆಚ್ಚು ಮಾಡ್ಕೋ ಯವ್ವಾ” ಎಂದು ಹೇಳಿ ಹೋಗುತ್ತಾರೆ. ಅವಳು ತಲೆ ಆಡಿಸುತ್ತಾಳೆ. ತಂಗಿ ನನ್ನಷ್ಟು ಕೆಟ್ಟವಳಲ್ಲ.

ಅರಿಷಿಣದ ಮಾತೂ ಬಂತು. ಅದನ್ನು ಒಂದನ್ನೇ ತಿಂದರೆ ಅದರ ಸತ್ವ ಮೈಗೆ ಹತ್ತುವುದು ಬಹಳ ಕಮ್ಮಿ. ಜೊತೆಗೆ ಕರಿಮೆಣಸಿನ ಸತ್ವ ಕೊಟ್ಟರೆ ರಕ್ತಕ್ಕೆ ಸೇರುವುದು ಸುಮಾರು ಇಪ್ಪತ್ತು ಪಟ್ಟಾಗುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ್ದರು. ಇದನ್ನು ಹೇಳಿದ್ದೇ ನನ್ನ ತಪ್ಪಾಯಿತು. ಹಾಳೆಯಲ್ಲಿ ಹದಿನೈದನೆಯ ದಾರಿ ಸೇರಿಕೊಂಡಿತು. ಅದರ ಕ್ರಿಯಾಪದ, ಕುಟ್ಟಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ರೋಗದ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳೆಲ್ಲ ಪ್ರೋಟೀನು. ಪ್ರೋಟೀನು ಬೇಕೆಂದರೆ ನಮಗೆ ತೊಗರಿ ಇದೆ. ಊರೇ ತೊಗರಿಯ ಕಣಜ, 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಆ ಹಾಳೆಯ ಹದಿನೈದು ದಾರಿಗಳಲ್ಲಿ ಬ್ಯಾಳಿ ಎಲ್ಲೂ ಇಲ್ಲ. ದಿನಾ ಮಾಡುವ ಅಡುಗೆಗೆ ಯಾರು ಗುಣ ಹೇಳುತ್ತಾರೆ? ಗುಣ ಇರುವುದೆಲ್ಲ ಅಂಗಡಿಯಲ್ಲಿ ಡಬ್ಬಿಯೊಳಗೆ. ಅವರು ಹೋದ ತಿಂಗಳು ತಂದ ಲೇಹ್ಯದ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ನಾನು ಚಾಳೀಸು ಹಾಕಿಕೊಂಡು ಓದಿದೆ. ಮೊದಲನೆಯ ಹೆಸರೇ ಸಕ್ಕರೆ. ಶುಗರ್ ಇರುವ ನಮ್ಮ ಅತ್ತಿ ಅದನ್ನು ದಿನಕ್ಕೆರಡು ಚಮಚ ಔಷಧಿ ಎಂದು ನೆಕ್ಕುತ್ತಿದ್ದರು, ಭಾಳ ಸಂತೋಷದಿಂದ.

ಆದರೆ ಅದೇ ಅತ್ತಿ ನನ್ನ ಪಕ್ಷಕ್ಕೂ ಬರುತ್ತಾರೆ. ಅವರ ಮಗ, “ನಮ್ಮ ಹಿರ್ಯಾರು ಇದನ್ನೆಲ್ಲ ತಿಂದು ನೂರು ವರ್ಷ ಬದುಕ್ತಿದ್ರು” ಎಂದು ಶುರು ಮಾಡಿದ್ದೇ ತಡ, ತೊಗರಿ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟರು.

“ಯಾರೋ ಅವರು, ನೂರು ವರ್ಷ ಬದುಕಿದವ್ರು? ನಿಮ್ಮಪ್ಪನ ಬೆನ್ನಿಗೆ ಹುಟ್ಟಿದವ್ರು ಏಳು ಮಂದಿ. ಉಳಿದವ್ರು ಮೂರು. ಅವ್ರೇನು ರೊಟ್ಟಿ ಹಿಂಡಿ ತಿಂದಿರಲಿಲ್ಲೇನು?”

ಅವರ ಎಡದ ತೋಳಿನ ಮೇಲೆ ಎರಡು ಗುಂಡನೆಯ ಕಲೆಗಳಿವೆ, ದೇವಿ ಹಾಕಿಸಿದ್ದರ, ಅಂದರೆ ಸಿಡುಬಿನ ಲಸಿಕೆಯ ಗುರುತು. ಊರಿಗೆ ದೇವಿ ಹಾಕುವವರು ಬಂದರೆ ಹೊಲದಲ್ಲಿ ಅಡಗಿಕೊಳ್ಳುತ್ತಿದ್ದೆವು, ಹಿಡಿದು ತಂದು ಚುಚ್ಚಿದರು ಎನ್ನುತ್ತಾರೆ. 1951ರ ಸುಮಾರಿಗೆ ದೇಶದ ಸರಾಸರಿ ಆಯುಸ್ಸು 32 ವರ್ಷ. ಸಿಡುಬಿನ ಕೊನೆಯ ರೋಗಿ ಈ ದೇಶದಲ್ಲಿ ಕಂಡದ್ದು 1975ರಲ್ಲಿ. ಆ ಕಲೆಗಳು ಫ್ರಿಜ್ಜಿನ ಮೇಲಿನ ಹಾಳೆಯಲ್ಲಿಲ್ಲ.

ಹಾಗಂತ ನಾನೇನೂ ಕಾಡಾ ಕುದಿಸದವಳಲ್ಲ. 2020ರ ಮಾರ್ಚ್ 10ಕ್ಕೆ ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು, ಅದು ದೇಶದ ಮೊದಲ ಕೋವಿಡ್ ಸಾವು ಎಂದು ಗೊತ್ತಾಯಿತು. ಒಂದೇ ದಿನದಲ್ಲಿ ಕಲಬುರಗಿಯ ಹೆಸರು ದೇಶದ ಎಲ್ಲ ಟಿವಿಯಲ್ಲಿ. ಹೊರ ಊರಿನ ನೆಂಟರು ಫೋನಿನಲ್ಲಿ ಮಾತಾಡಲಿಕ್ಕೂ ಅಂಜುತ್ತಿದ್ದರು. ಆಯುಷ್ ಸಚಿವಾಲಯದವರು ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ, ಒಣದ್ರಾಕ್ಷಿಯ ಕಾಡಾ ಹೇಳಿದರು. ನಾನು ದಿನಕ್ಕೆರಡು ಸಲ ಕುದಿಸಿದೆ. ವಿಜ್ಞಾನ ಎಲ್ಲ ಬಾಯಿಪಾಠ ಇತ್ತು, ಆದರೂ ಕುದಿಸಿದೆ. ಅಂಜಿಕೆ ಬಂದಾಗ ಕೈಗೊಂದು ಕೆಲಸ ಬೇಕು. ಸಂಜೆ ಆರಕ್ಕೆ ಮನೆಮಂದಿಯೆಲ್ಲ ಲೋಟ ಹಿಡಿದು ಪಡಸಾಲೆಗೆ ಬಂದು ಕೂಡುತ್ತಿದ್ದರು. ಅತ್ತಿ ಒಂದು ಗುಟುಕು ಕುಡಿದು ಮುಖ ಕಿವುಚುವುದನ್ನು ನೋಡಿ ಎಲ್ಲರೂ ನಗುತ್ತಿದ್ದೆವು. ಆ ಲೋಟಗಳು ಈಗಲೂ ಇವೆ. ಎಷ್ಟು ತಿಕ್ಕಿದರೂ ಅರಿಷಿಣದ ಬಣ್ಣ ಹೋಗಿಲ್ಲ.

ಮೆಣಸಿನಕಾಯಿಯ ಋಣವನ್ನೂ ತೀರಿಸಿಬಿಡುತ್ತೇನೆ, ಅದರಿಂದಲೇ ಅಲ್ಲವೇ ಇಷ್ಟೆಲ್ಲ ಶುರುವಾದದ್ದು. ಹಂಗೇರಿಯ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ಸಿ ಜೀವಸತ್ವದ ಬೆನ್ನು ಹತ್ತಿದ್ದರು. ಪ್ರಯೋಗಕ್ಕೆ ಬೇಕಾದಷ್ಟು ಸಿಗದೆ ಒದ್ದಾಡುತ್ತಿದ್ದಾಗ ಒಂದು ರಾತ್ರಿ ಹೆಂಡತಿ ಊಟಕ್ಕೆ ಪಾಪ್ರಿಕಾ ಮೆಣಸಿನಕಾಯಿ ಬಡಿಸಿದರಂತೆ. ತಿನ್ನಲು ಮನಸ್ಸಿರಲಿಲ್ಲ. ಹಾಗಂತ ಹೆಂಡತಿಯ ಮುಂದೆ ಹೇಳುವ ಧೈರ್ಯವೂ ಇರಲಿಲ್ಲ. ಪರೀಕ್ಷೆ ಮಾಡುತ್ತೇನೆಂದು ತಟ್ಟೆ ಎತ್ತಿಕೊಂಡು ಪ್ರಯೋಗಶಾಲೆಗೆ ಹೋದರು. ಮಧ್ಯರಾತ್ರಿಯ ಹೊತ್ತಿಗೆ ಅದು ಸಿ ಜೀವಸತ್ವದ ಗಣಿ ಎಂದು ತಿಳಿಯಿತು, 1937ರಲ್ಲಿ ನೊಬೆಲ್ ಬಂತು. ಅವರೇ ಹೇಳಿಕೊಂಡ ಕತೆ. ನಾನು ಇದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಗಂಡು ಹುಡುಗರು ನೊಬೆಲ್ ಬರೆದುಕೊಳ್ಳುತ್ತಾರೆ, ಹುಡುಗಿಯರು ನಗುತ್ತಾರೆ.

ಮನೆಯಲ್ಲೂ ಎಂದೋ ಹೇಳಿದ್ದಿರಬೇಕು. ಯಾಕೆಂದರೆ ಎಂಟು ಗಂಟೆಗೆ, ಅಲ್ಲ ತರ್ತೀನಿ ಎಂದು ಚೀಲ ಹಿಡಿದು ಹೋದ ನಮ್ಮ ಮನೆಯವರು ಒಂಬತ್ತೂಕಾಲಿಗೆ ಬಂದಾಗ ಕೈಯಲ್ಲಿ ಎಣ್ಣೆ ಇಳಿದ ಪೇಪರಿನ ಪೊಟ್ಟಣ ಇತ್ತು. ಬಿಚ್ಚಿದರೆ ಮಿರ್ಚಿ ಭಜಿ, ಆರು.

“ಅಲ್ಲ ಎಲ್ಲದ?” ಎಂದೆ.

“ಅಲ್ಲ…” ಎಂದು ಚೀಲ ಕೊಡವಿದರು, ಜೇಬು ತಡವಿಕೊಂಡರು. “ಅಲ್ಲ ಅಲ್ಲೇ ಉಳೀತು ನೋಡು, ಭಜಿ ಬಂಡಿ ಮ್ಯಾಲ.”

ನಾನು ನೋಡಿದ ರೀತಿಗೆ ಒಂದು ಹೆಜ್ಜೆ ಹಿಂದೆ ಸರಿದರು.

“ಮೆಣಸಿನಕಾಯ್ದಾಗ ಸಿ ಜೀವಸತ್ವ ಅದ ಅಂತ ನೀನೇ ಹೇಳೀದಿ.”

ಕರಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತಿ ಒಂದನ್ನು ಮುರಿದು ನನ್ನ ತಟ್ಟೆಗೆ ಅರ್ಧ ಹಾಕಿದರು. ಇನ್ನೂ ಬಿಸಿ ಇತ್ತು.