ವಿದೇಶಿ ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ಟರೆ ದೇಶಕ್ಕೆ ಗೆಳೆಯರು ಸಿಗುತ್ತಾರಾ?

ಪರ: ಮಹಡಿ ಮೇಲಿನ ಹುಡುಗ

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿದೆ. ಮಹಡಿ ಮೇಲೆ ಒಂದು ರೂಮು, ಒಂದು ಪುಟ್ಟ ಅಡುಗೆಮನೆ. 2019ರಲ್ಲಿ ಅದಕ್ಕೆ ಬಾಡಿಗೆಗೆ ಬಂದವನು ಅಫ್ಘಾನಿಸ್ತಾನದ ಹುಡುಗ. ಭಾರತ ಸರಕಾರದ ಸ್ಕಾಲರ್‌ಶಿಪ್ ಮೇಲೆ ಎಂ.ಎ. ಓದಲು ಬಂದಿದ್ದ. ಬಂದ ಮೂರನೇ ದಿನ ಬೆಳಗ್ಗೆ ಮೆಟ್ಟಿಲಿಳಿದು ಬಂದು "ಖಾಲಾ, ಖಾಲಾ" ಎಂದ. ನನ್ನ ಎದೆ ಧಸಕ್ಕೆಂದಿತು. "ಈಗ ತಾನೇ ಬಂದಿದ್ದೀಯ, ಆಗಲೇ ಖಾಲಿ ಮಾಡ್ತೀಯಾ?" ಎಂದು ಕೇಳಿಬಿಟ್ಟೆ. ಇಂಗ್ಲಿಷು, ಹಿಂದಿ, ಕೈಸನ್ನೆ ಎಲ್ಲ ಸೇರಿಸಿದ ಮೇಲೆ ಗೊತ್ತಾಯಿತು. ಅವರಲ್ಲಿ ಖಾಲಾ ಎಂದರೆ ಅಮ್ಮನ ಒಡಹುಟ್ಟಿದವಳು. ದೊಡ್ಡಮ್ಮನೋ ಚಿಕ್ಕಮ್ಮನೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಚಿಕ್ಕಮ್ಮ ಎಂದೇ ಇಟ್ಟುಕೊಂಡೆ.

ಬಾಡಿಗೆ ಕಥೆಗೂ ದೇಶದ ವಿಷಯಕ್ಕೂ ಏನು ಸಂಬಂಧ ಎನ್ನಬಹುದು. ಇದೆ. ಮೌಲಾನಾ ಆಜಾದ್ ಅವರು 1950ರಲ್ಲಿ ಐಸಿಸಿಆರ್, ಅಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಶುರು ಮಾಡಿದ್ದು ಇದಕ್ಕೇ. ಬೇರೆ ದೇಶದ ಜನ ನಮ್ಮನ್ನು ಹತ್ತಿರದಿಂದ ನೋಡಲಿ, ನಾವೂ ಅವರನ್ನು ನೋಡಲಿ ಎಂದು. 1964ರಲ್ಲಿ ಐಟೆಕ್ ಬಂತು. ಹೊರದೇಶದ ಅಧಿಕಾರಿಗಳು, ತಂತ್ರಜ್ಞರು ಇಲ್ಲಿ ಬಂದು ತರಬೇತಿ ಪಡೆಯುವ ಯೋಜನೆ ಅದು. ಹಾಗೆ ಓದಿ ಹೋದವರು ಏನಾದರು ಗೊತ್ತಾ? ಹಮೀದ್ ಕರ್ಜಾಯಿ ಎಂ.ಎ. ಮಾಡಿದ್ದು ಶಿಮ್ಲಾದ ಹಿಮಾಚಲ ವಿಶ್ವವಿದ್ಯಾಲಯದಲ್ಲಿ. ಮುಂದೆ ಅಫ್ಘಾನಿಸ್ತಾನದ ಅಧ್ಯಕ್ಷರಾದರು. ಮಲಾವಿಯ ಅಧ್ಯಕ್ಷರಾಗಿದ್ದ ಬಿಂಗು ವಾ ಮುಥಾರಿಕಾ ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿದವರು. ಅಫ್ಘಾನಿಸ್ತಾನ ಭದ್ರತೆ, ವ್ಯಾಪಾರದಲ್ಲಿ ಜೊತೆಗಿರುವ ತನ್ನ ಮೊದಲ ಕಾರ್ಯತಂತ್ರ ಒಪ್ಪಂದವನ್ನು 2011ರ ಅಕ್ಟೋಬರ್‌ನಲ್ಲಿ ಯಾರ ಜೊತೆ ಮಾಡಿಕೊಂಡಿತು? ಅಮೆರಿಕದ ಜೊತೆ ಅಲ್ಲ, ಪಾಕಿಸ್ತಾನದ ಜೊತೆಯೂ ಅಲ್ಲ. ನಮ್ಮ ಜೊತೆ. ಸಹಿ ಹಾಕುವಾಗ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದದ್ದು ಶಿಮ್ಲಾದಲ್ಲಿ ಓದಿದ ಮನುಷ್ಯ. ಇದಕ್ಕಿಂತ ಸಾಕ್ಷಿ ಬೇಕಾ?

ವಿರೋಧ ಮಾಡುವವರದು ಒಂದೇ ರಾಗ. ನಮ್ಮ ಮಕ್ಕಳಿಗೇ ಸೀಟಿಲ್ಲ, ಇವರಿಗೇಕೆ? ಹಾಗೆ ನೋಡಿದರೆ ಮನೆಗೆ ಬಂದವರಿಗೆ ಕಾಫಿ ಕೊಡುವುದೂ ದಂಡವೇ. 2021–22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು ಸುಮಾರು 47 ಸಾವಿರ. ಬಹಳ ಜನ ಸ್ವಂತ ದುಡ್ಡಿನಲ್ಲೇ ಓದುವವರು. ಇಷ್ಟು ದೊಡ್ಡ ದೇಶಕ್ಕೆ ಇದು ಸಾಸಿವೆ ಕಾಳು.

ಸೋಶಿಯಲ್ ಮೀಡಿಯಾ ಬಗ್ಗೆಯೂ ಬರೆಯಿರಿ ಎಂದು ಸಂಪಾದಕರು ಹೇಳಿದ್ದಾರೆ. ನನಗೆ ಗೊತ್ತಿರುವುದು ಇಷ್ಟೇ. ಆ ವರ್ಷ ದಸರೆಗೆ ಹುಡುಗ ಅರಮನೆ ದೀಪದ ಮುಂದೆ ನಿಂತು ಒಂದು ಫೋಟೋ ಹಾಕಿದ. ಊರಿನ ಅವನ ಅಕ್ಕತಂಗಿಯರು, ಅವರ ಗೆಳತಿಯರು ಎಲ್ಲ ಕೆಳಗೆ ಬರೆದರು. ಅದರಲ್ಲಿ ಒಬ್ಬಳು ಮುಂದಿನ ವರ್ಷ ನಾನೂ ಅರ್ಜಿ ಹಾಕುತ್ತೇನೆ ಎಂದಿದ್ದಳಂತೆ. ರಾಯಭಾರ ಕಚೇರಿ ಎಷ್ಟು ಖರ್ಚು ಮಾಡಿ ಪೋಸ್ಟರ್ ಅಂಟಿಸಿದರೆ ಇದು ಆಗುತ್ತೆ?

ಅವನಿಗೆ ನಮ್ಮ ಸಾರು ಖಾರ. ನನಗೆ ಅವನ ಹಸಿರು ಚಹಾ ಸಪ್ಪೆ. ಆದರೂ ಲಾಕ್‌ಡೌನ್‌ನಲ್ಲಿ ಇಬ್ಬರೂ ಎರಡನ್ನೂ ಕುಡಿದೆವು. ನಮ್ಮ ಯಜಮಾನರಿಗೆ ಮಾತ್ರೆ ತರುತ್ತಿದ್ದವನು ಅವನೇ. ಮೆಡಿಕಲ್ ಶಾಪಿನವರ ಹತ್ತಿರ "ಸ್ವಲ್ಪ ಬೇಗ ಕೊಡಿ ಸಾರ್, ಚಿಕ್ಕಪ್ಪಂಗೆ" ಎನ್ನುವಷ್ಟು ಕನ್ನಡ ಬಂದಿತ್ತು.

2021ರ ಆಗಸ್ಟ್ 15. ನಾವು ಬೆಳಗ್ಗೆ ಧ್ವಜ ಹಾರಿಸುವುದನ್ನು ಟಿವಿಯಲ್ಲಿ ನೋಡಿದೆವು. ಸಂಜೆ ಅದೇ ಟಿವಿಯಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿದ್ದ ಸುದ್ದಿ. ಹುಡುಗ ಕೆಳಗೆ ಬಂದು ನೆಲದ ಮೇಲೆ ಕೂತ. ಫೋನು ಕೈಯಲ್ಲಿ. ಅಮ್ಮನಿಗೆ ಲೈನು ಸಿಗುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಸಿಕ್ಕಿತು. ಅವನು ಮಾತಾಡಿ ಫೋನು ನನ್ನ ಕೈಗೆ ಕೊಟ್ಟ. ಆಕೆ ಏನೇನೋ ಹೇಳಿದರು, ಒಂದಕ್ಷರ ಗೊತ್ತಾಗಲಿಲ್ಲ. ನಾನು "ಇಲ್ಲೇ ಇದ್ದಾನೆ, ಊಟ ಮಾಡಿದ್ದಾನೆ" ಎಂದು ಕನ್ನಡದಲ್ಲೇ ಹೇಳಿದೆ. ಆಕೆ ಅತ್ತರು. ನಾನೂ ಅತ್ತೆ.

ಆಗ ವೀಸಾ ವಿಷಯದಲ್ಲಿ ಗೊಂದಲ ಆಯಿತು ಎಂದು ಕೆಲವರು ಹೇಳುತ್ತಾರೆ. ಅದು ಭದ್ರತೆಯ ಪ್ರಶ್ನೆ, ದೊಡ್ಡವರು ನೋಡಿಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಬೇರೆ. ಆ ಹುಡುಗ ಈಗ ಜರ್ಮನಿಯಲ್ಲಿದ್ದಾನೆ. ಯುಗಾದಿಗೆ ತಪ್ಪದೆ ವಾಟ್ಸಾಪ್ ಕಾಲ್ ಮಾಡುತ್ತಾನೆ. ಹೋದ ಸಲ ಹೆಂಡತಿಗೆ ನನ್ನನ್ನು ತೋರಿಸಿ "ಮೈಸೂರಿನ ಖಾಲಾ" ಎಂದ. ಬೇವುಬೆಲ್ಲ ತಿಂದಿರಾ ಎಂದು ಅವನೇ ಕೇಳಿದ.

ವಿರೋಧ: ಫೋಟೋಗೆ ನಿಲ್ಲಿಸುವ ಕೆಲಸ

ಸಂಪಾದಕರು ಫೋನು ಮಾಡಿದಾಗ ನಾನು ಪರ ಬರೆಯುತ್ತೇನೆ ಎಂದೆ. ಅದಕ್ಕೆ ಆಗಲೇ ಒಬ್ಬರು ಸಿಕ್ಕಿದ್ದಾರೆ, ಮನೆ ಬಾಡಿಗೆಗೆ ಕೊಡುವ ಮೇಡಂ, ನೀವು ವಿರೋಧ ಬರೆಯಿರಿ ಎಂದರು. ಸರಿ.

ಪರವಾದಿಗಳ ವಾದ ಗೊತ್ತಿರುವುದೇ. ಜೊತೆಯಲ್ಲಿ ಕೂತು ಬಿರಿಯಾನಿ ತಿಂದರೆ ಗಡಿ ತಕರಾರು ಮುಗಿಯುತ್ತೆ. ಇಲ್ಲಿ ಓದಿದವನು ನಮ್ಮವನಾಗುತ್ತಾನೆ. ಅವರು ಖಂಡಿತ ಕರ್ಜಾಯಿ ಹೆಸರು ಹೇಳಿರುತ್ತಾರೆ. ಎಲ್ಲರೂ ಹೇಳುತ್ತಾರೆ. ಆದರೆ ತಾಲಿಬಾನ್ ನಾಯಕ ಶೇರ್ ಮೊಹಮ್ಮದ್ ಅಬ್ಬಾಸ್ ಸ್ಟಾನಿಕ್ಜಾಯಿ? ಆತನೂ ಇಲ್ಲಿ ಕಲಿತವನೇ. ಡೆಹ್ರಾಡೂನ್ ಸೇನಾ ಅಕಾಡೆಮಿಯಲ್ಲಿ 1982ರಲ್ಲಿ ತರಬೇತಿ ಪಡೆದವನು. ನೇಪಾಳದ ಮಾವೋವಾದಿ ನಾಯಕ ಬಾಬುರಾಮ್ ಭಟ್ಟರಾಯಿ ಓದಿದ್ದು ಚಂಡೀಗಢದಲ್ಲಿ, ಆಮೇಲೆ ಜೆಎನ್‌ಯುನಲ್ಲಿ. 1996ರ ಫೆಬ್ರವರಿಯಲ್ಲಿ ಅವರು ತಮ್ಮ ಸರಕಾರಕ್ಕೆ 40 ಬೇಡಿಕೆ ಕೊಟ್ಟರು. ಮೊದಮೊದಲೇ ಇದ್ದದ್ದು ಭಾರತದ ಜೊತೆಗಿನ 1950ರ ಶಾಂತಿ ಮತ್ತು ಸ್ನೇಹ ಒಪ್ಪಂದ ರದ್ದು ಮಾಡಿ ಎಂಬುದು. ನಮ್ಮ ಕ್ಲಾಸಿನಲ್ಲಿ ಕೂತವನು ನಮ್ಮನ್ನು ಚೆನ್ನಾಗಿ ಅರಿಯುತ್ತಾನೆ, ನಿಜ. ಅರಿತವನೆಲ್ಲ ಮೆಚ್ಚುತ್ತಾನೆ ಎಂದು ಯಾರು ಹೇಳಿದರು?

ಬಾಂಗ್ಲಾದೇಶದಿಂದ 100 ಯುವಕರ ನಿಯೋಗವನ್ನು ಕರೆಸಿ ದೇಶ ತೋರಿಸುವ ಕಾರ್ಯಕ್ರಮ 2012ರಲ್ಲಿ ಶುರುವಾಯಿತು. ತಾಜ್‌ಮಹಲ್ ಮುಂದೆ ಫೋಟೋ, ರಾಷ್ಟ್ರಪತಿಗಳ ಜೊತೆ ಫೋಟೋ. 2024ರ ಆಗಸ್ಟ್ 5ರಂದು, ಶೇಖ್ ಹಸೀನಾ ಸರಕಾರ ಬಿದ್ದ ದಿನ, ಢಾಕಾದಲ್ಲಿ ಗುಂಪು ನುಗ್ಗಿ ಹಾಳು ಮಾಡಿದ ಕಟ್ಟಡಗಳಲ್ಲಿ ನಮ್ಮ ಇಂದಿರಾ ಗಾಂಧಿ ಸಾಂಸ್ಕೃತಿಕ ಕೇಂದ್ರವೂ ಒಂದು. ನೃತ್ಯ, ಹಿಂದಿ, ಯೋಗ ಕಲಿಸುತ್ತಿದ್ದ ಜಾಗ. ದೆಹಲಿ ಯಾರ ಪರ ನಿಂತಿದೆ ಎಂದು ಅಲ್ಲಿನ ಹುಡುಗರು ನೋಡುತ್ತಿದ್ದರು. ಫೋಟೋಗಳನ್ನಲ್ಲ.

ಇನ್ನು ಮೊಬೈಲು, ಅದರಲ್ಲಿನ ಸೋಶಿಯಲ್ ಮೀಡಿಯಾ. 2014ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ಕುಡಿಯುವ ನೀರು ನಿಂತುಹೋದಾಗ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿದ್ದು ಭಾರತ. 2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರ ಲಕ್ಷದ್ವೀಪದ ಫೋಟೋಗಳ ಮೇಲೆ ಮಾಲ್ಡೀವ್ಸಿನ ಮೂವರು ಉಪಮಂತ್ರಿಗಳು ಏನೋ ಗೀಚಿದರು. ಅವರನ್ನು ಅಮಾನತು ಮಾಡಿದರು. ಅಷ್ಟರಲ್ಲಿ ನಮ್ಮವರು ಮಾಲ್ಡೀವ್ಸ್ ಬಹಿಷ್ಕರಿಸಿ ಎಂದು ಟಿಕೆಟ್ ರದ್ದು ಮಾಡಿದ್ದನ್ನು ಹಾಕಿ ಕುಣಿದರು. ಹತ್ತು ವರ್ಷದ ನೀರು ಮೂರು ದಿನದಲ್ಲಿ ಆವಿ. ವಿದೇಶಾಂಗ ಮಂತ್ರಿಯಾಗಿದ್ದಾಗ ಸುಷ್ಮಾ ಸ್ವರಾಜ್ ಇದೇ ಟ್ವಿಟರ್‌ನಲ್ಲಿ ಎಷ್ಟೋ ಜನರ ಕಷ್ಟ ಪರಿಹರಿಸಿದರಲ್ಲ ಎನ್ನಬಹುದು. ಹೌದು. ಅದು ಅವರ ಗುಣ.

ಈಗ ನನ್ನ ಅನುಭವ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಮೇಷ್ಟ್ರು. ವಿದೇಶಿ ವಿದ್ಯಾರ್ಥಿಗಳ ಉಸ್ತುವಾರಿ ನನ್ನ ಕೊರಳಿಗೆ ಬಿದ್ದು ಆರು ವರ್ಷವಾಯಿತು. ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ದಿನ ಮಾಡುತ್ತೇವೆ. ಅವರವರ ದೇಶದ ಬಟ್ಟೆ ಹಾಕಿಸಿ ಸಾಲಾಗಿ ನಿಲ್ಲಿಸುವುದು, ಫೋಟೋ ತೆಗೆದು ಕಾಲೇಜಿನ ಪೇಜಿಗೆ ಹಾಕುವುದು ನನ್ನ ಕೆಲಸ. ಮಾರನೇ ದಿನ ಅದೇ ಹುಡುಗರು ಮೆಸ್ಸಿನಲ್ಲಿ ಮೂಲೆಯ ಟೇಬಲ್ಲಿನಲ್ಲಿ ತಾವೇ ಕೂತಿರುತ್ತಾರೆ. ಹೋದ ವರ್ಷ ಸುಡಾನಿನ ಹುಡುಗನಿಗೆ ಮನೆ ಹುಡುಕಲು ನಾನೇ ಹನ್ನೊಂದು ಕಡೆ ಫೋನು ಮಾಡಿದೆ. "ಮನೆ ಇದೆ ಸಾರ್. ಯಾವ ಕಡೆ ಹುಡುಗ?" ಎನ್ನುವವರೆಗೆ ಎಲ್ಲ ಸರಿ. ಆಮೇಲೆ ನೆಂಟರು ಬರುವವರಿದ್ದಾರೆ, ಬಣ್ಣ ಹೊಡೆಸಬೇಕು. 2016ರ ಜನವರಿ 31ರಂದು ಬೆಂಗಳೂರಿನ ಅಂಚಿನಲ್ಲಿ ಒಂದು ಕಾರು ಅಪಘಾತದ ಸಿಟ್ಟಿಗೆ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಕೈಮಾಡಿತಲ್ಲ. ಅಪಘಾತ ಮಾಡಿದ ಕಾರಿಗೂ ಅವಳಿಗೂ ಸಂಬಂಧವೇ ಇರಲಿಲ್ಲ. ಆ ಸುದ್ದಿ ಅವಳ ದೇಶದ ದೊಡ್ಡ ನಗರ ದಾರ್ ಎಸ್ ಸಲಾಮ್ ಮುಟ್ಟಲು ಯಾವ ಇಲಾಖೆಯ ಪೋಸ್ಟೂ ಬೇಕಾಗಲಿಲ್ಲ.

2021ರ ಆಗಸ್ಟ್ ಕೊನೆಯಲ್ಲಿ ಭಾರತ ಅಫ್ಘನ್ನರಿಗೆ ಮೊದಲೇ ಕೊಟ್ಟಿದ್ದ ವೀಸಾಗಳನ್ನು ರದ್ದು ಮಾಡಿತು. ಕೊರೊನಾ ಎಂದು ಊರಿಗೆ ಹೋಗಿದ್ದ ನಮ್ಮದೇ ಸ್ಕಾಲರ್‌ಶಿಪ್ ಹುಡುಗರು ಅಲ್ಲೇ ಸಿಕ್ಕಿಕೊಂಡರು. ನನ್ನ ಒಬ್ಬ ವಿದ್ಯಾರ್ಥಿಯ ಪುಸ್ತಕದ ಪೆಟ್ಟಿಗೆ ಇನ್ನೂ ಸ್ಟಾಫ್ ರೂಮಿನ ಅಟ್ಟದ ಮೇಲಿದೆ.

ಒಂದು ಮಾತು ನನ್ನ ವಾದಕ್ಕೇ ಅಡ್ಡ ಬರುತ್ತೆ, ಆದರೂ ಹೇಳುತ್ತೇನೆ. ಮೇಲೆ ಹೇಳಿದ ಸ್ಟಾನಿಕ್ಜಾಯಿ 2025ರ ಜನವರಿಯಲ್ಲಿ, ಹೆಣ್ಣುಮಕ್ಕಳ ಓದು ನಿಲ್ಲಿಸಿದ್ದು ತಪ್ಪು ಎಂದು ತಾಲಿಬಾನಿನವನೇ ಆಗಿ ಬಹಿರಂಗವಾಗಿ ಹೇಳಿದ. ಡೆಹ್ರಾಡೂನಿನ ಪಾಠವೋ ಏನೋ. ಇರಲಿಕ್ಕಿಲ್ಲ.

ಸಂಪಾದಕರೇ, ಎದುರು ಬರೆದ ಮೇಡಂ ಮಹಡಿ ಮನೆ ಈಗ ಖಾಲಿ ಇದೆಯಾ ಎಂದು ಕೇಳಿ ಹೇಳಿ. ಈ ಸಲ ಇಬ್ಬರು ಬರುವವರಿದ್ದಾರೆ.